ಮಂಗಳವಾರದ ಹೊಟ್ಟೆನೋವು



ಈ ಸಲ ಬಂದ ಕಾಗದಗಳಲ್ಲಿ ಮೂರು ಕಲಬುರಗಿ ಜಿಲ್ಲೆಯವು. ಒಂದು ಜೇವರ್ಗಿಯಿಂದ, ಒಂದು ಆಳಂದದಿಂದ, ಇನ್ನೊಂದು ಅಫಜಲಪುರದ ಕಡೆಯ ಹಳ್ಳಿಯಿಂದ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ಒಬ್ಬರು ಮಗಳ ಹೊಟ್ಟೆನೋವಿಗೆ ಮನೆಮದ್ದು ಕೇಳಿದ್ದಾರೆ. ಒಬ್ಬರು ಮಗನ ಕಳ್ಳತನದ ಚಾಳಿ ಬಿಡಿಸುವುದು ಹೇಗೆ ಎಂದು ಕೇಳಿದ್ದಾರೆ. ಮೂರನೆಯವರು ಮಗಳಿಗೆ ಬಂದ ಸಂಬಂಧಕ್ಕೆ ಹೂಂ ಅನ್ನಲೋ ಬೇಡವೋ ಎಂದಿದ್ದಾರೆ. ಮೂರನ್ನೂ ಒಟ್ಟಿಗೆ ಇಟ್ಟು ಓದಿದರೆ ಒಳಗಿರುವ ಮಾತು ಒಂದೇ: ರೊಕ್ಕ. ದೊಡ್ಡವರ ರೊಕ್ಕದ ಚಿಂತೆ, ಅದರ ಬೆನ್ನಿಗೇ ಒಂದಿಷ್ಟು ಆಸೆ, ಎರಡೂ ಇಳಿದು ಬಂದು ಕೂತಿರುವುದು ಮಕ್ಕಳ ಮೇಲೆ. ಗುರುತು ಸಿಗದಂತೆ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಬರೆಯುತ್ತಿದ್ದೇನೆ.

ಜೇವರ್ಗಿಯ ತಾಯಿ ಹೀಗೆ ಬರೆದಿದ್ದಾರೆ: "ಅಕ್ಕಾ, ನನ್ನ ಮಗಳು ಆರನೇತ್ತ ಓದ್ತಾಳ. ವಾರಕ್ಕೊಮ್ಮೆ ಹೊಟ್ಟಿ ನೋಯ್ತದ ಅಂತ ಮುದುಡಿ ಮಲಗ್ತಾಳ. ಅಜವಾನ ಕುದಿಸಿ ಕುಡಿಸೀನಿ, ಹೊಕ್ಕಳಕ್ಕ ಇಂಗು ಹಚ್ಚೀನಿ, ಜಂತಿನ ಗುಳಿಗಿ ಕೊಟ್ಟೀನಿ, ದೃಷ್ಟಿ ತಗದೀನಿ. ಡಾಕ್ಟರ್ ಕಡೆ ಸ್ಕ್ಯಾನಿಂಗೂ ಆತು. ಏನೂ ಇಲ್ಲ ಅಂದ್ರು. ನೀವು ಏನರ ಹೇಳ್ರಿ." ಎರಡು ಪುಟದ ಕಾಗದ. ಕೊನೆಯಲ್ಲಿ ಅಂಚಿನಲ್ಲಿ ಸಣ್ಣಗೆ ಇನ್ನೊಂದು ಸಾಲು: ಮಂಗಳವಾರ ಸಂಘದ ಕಂತಿನ ದಿನವಾದ್ದರಿಂದ ಅವತ್ತು ಮಗಳ ಕಡೆ ನೋಡಲಿಕ್ಕೂ ಪುರುಸೊತ್ತಾಗುವುದಿಲ್ಲ ಎಂದು.

ನಾನು ಜವಾಬು ಬರೆದು ಎರಡೇ ಪ್ರಶ್ನೆ ಕೇಳಿದೆ. ನೋವು ಯಾವ ದಿನ ಬರುತ್ತದೆ? ಕಂತಿನವರು ಬಂದಾಗ ಬಾಗಿಲಿಗೆ ಯಾರು ಹೋಗುತ್ತಾರೆ? ಉತ್ತರ ಬಂತು. "ಸೋಮವಾರ ರಾತ್ರಿ ಶುರು ಆಗ್ತದ, ಮಂಗಳವಾರ ಮಧ್ಯಾಹ್ನ ಕಡಿಮಿ ಆಗ್ತದ. ಬಾಗಿಲಿಗೆ ಆಕಿನೇ ಹೋಗ್ತಾಳ. ಅವ್ವ ಮನ್ಯಾಗ ಇಲ್ರಿ, ಹೊಲಕ್ಕ ಹೋಗ್ಯಾಳ್ರಿ ಅಂತ ಹೇಳ್ತಾಳ. ನಾನೇ ಕಲಿಸೀನಿ."

ಮೊದಲು ಹೊಟ್ಟೆಯ ಮಾತು ಮುಗಿಸೋಣ. ಮಕ್ಕಳ ಹೊಟ್ಟೆನೋವನ್ನು ಅಸಡ್ಡೆ ಮಾಡಬಾರದು. ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ನೋವಿಗೆ ರಾತ್ರಿ ನಿದ್ದೆಯಿಂದ ಎಚ್ಚರಾಗುವುದು, ಬಲಗಡೆಯ ಕೆಳಹೊಟ್ಟೆ ಮುಟ್ಟಿಸಿಕೊಳ್ಳದಷ್ಟು ನೋಯುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಈ ತಾಯಿ ಹೋಗಿ ಬಂದಿದ್ದಾರೆ, ಏನೂ ಸಿಕ್ಕಿಲ್ಲ. ಹಾಗಂತ ಹುಡುಗಿ ಸೋಗು ಹಾಕುತ್ತಿದ್ದಾಳೆ ಎಂದು ತಿಳಿಯಬೇಡಿ. ಮಕ್ಕಳಲ್ಲಿ ಹೆದರಿಕೆ ಹೊಟ್ಟೆಗೆ ಇಳಿಯುವುದು ಬಹಳ ಸಾಮಾನ್ಯ, ಮಕ್ಕಳ ಡಾಕ್ಟರುಗಳಿಗೆಲ್ಲ ಗೊತ್ತಿರುವ ಸಂಗತಿ. ಪರೀಕ್ಷೆಯ ದಿನ ನಮ್ಮ ಹೊಟ್ಟೆಯೂ ತೊಳಸುತ್ತಿರಲಿಲ್ಲವೇ? ನೋವು ನಿಜವಾದ ನೋವೇ. ಅದಕ್ಕೆ ಅಜವಾನ ನಾಟುವುದಿಲ್ಲ, ಅಷ್ಟೆ.

ಆ ಮಂಗಳವಾರದ ಬಾಗಿಲನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಅಡಿಗೆಮನೆಯ ಕದದ ಹಿಂದೆ ಅವ್ವ ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಅದು ಹುಡುಗಿಗೆ ಗೊತ್ತು. ಹೊರಗೆ ಮೋಟಾರ್ ಸೈಕಲ್ಲಿನವನಿಗೂ ಗೊತ್ತು. ಗುಂಪಿನ ಉಳಿದ ಹೆಂಗಸರು ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ, ಏಕೆಂದರೆ ಒಬ್ಬಳು ಕಟ್ಟದಿದ್ದರೆ ಉಳಿದವರು ತಮ್ಮ ಕೈಯಿಂದ ಹಾಕಬೇಕು. ಅವರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವ ಸುಳ್ಳನ್ನು ಹನ್ನೊಂದು ವರ್ಷದ ಮಗು ಒಬ್ಬಳೇ ನಿಂತು ಹೇಳಬೇಕು. ನಾಲಿಗೆ ತಡವರಿಸಿದರೆ ಅವ್ವನ ಮರ್ಯಾದೆ ಹೋಗುತ್ತದೆ. ಕಟ್ಟೆಯ ಮೇಲೆ ಕೂತವರಲ್ಲಿ ಅವಳ ಗೆಳತಿಯ ತಾಯಿಯೂ ಇದ್ದಾಳೆ. ಮರುದಿನ ಆ ಮಾತು ಶಾಲೆ ಮುಟ್ಟುತ್ತದೆ. ಸುಳ್ಳು ಹೇಳಿದರೆ ಕಿವಿ ಹಿಂಡುವವಳೂ ಅವ್ವನೇ, ಸುಳ್ಳು ಹೇಳು ಎಂದು ಕಳಿಸುವವಳೂ ಅವ್ವನೇ. ಹೊಟ್ಟೆ ನೋಯದೆ ಏನಾದೀತು?

ಕಾಗದದಲ್ಲಿ ಇನ್ನೊಂದು ಮಾತಿತ್ತು. ತಾಯಿ ಅದನ್ನು ಹೆಮ್ಮೆಯಿಂದ ಬರೆದಿದ್ದಾರೆ. "ಆದ್ರೂ ಭಾಳ ಶಾಣ್ಯಾ ಹುಡುಗಿ ಅಕ್ಕಾ. ಏನೂ ಕೇಳೂದಿಲ್ಲ. ದೀಪಾವಳಿಗೆ ಅಂಗಿ ಬ್ಯಾಡ ಅಂದಳು. ಪೆನ್ಸಿಲ್ ಹಿಡೀಲಿಕ್ಕ ಬರಲಾರದಷ್ಟು ಸಣ್ಣದಾದ್ರೂ ಹೇಳೂದಿಲ್ಲ." ಹೊಟ್ಟೆನೋವಿಗಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಈ ಸಾಲು. ಕೇಳದ ಮಗುವನ್ನು ನಾವು ಜಾಣೆ ಎಂದು ಹೊಗಳುತ್ತೇವೆ. ಹನ್ನೊಂದು ವರ್ಷದ ಹುಡುಗಿ ಕೇಳುವುದನ್ನು ಬಿಟ್ಟಿದ್ದಾಳೆ ಎಂದರೆ, ಮನೆಯ ಖರ್ಚಿನಲ್ಲಿ ತಾನೂ ಒಂದು ಖರ್ಚು ಎಂದು ಲೆಕ್ಕ ಹಾಕಿಕೊಂಡಿದ್ದಾಳೆ. ಸಾಲ ಎಷ್ಟು, ಯಾಕೆ, ಯಾರಿಂದ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ಅವು ತಮ್ಮನ್ನೇ ಕೂಡಿಸಿಕೊಳ್ಳುತ್ತವೆ. ಅದರ ಮೇಲೆ ಸಿಟ್ಟಿನಲ್ಲಿ ನಾವು "ನಿಮ್ಮ ಸಲುವಾಗೇ ಇಷ್ಟು ಸಾಲ ಮಾಡೀವಿ" ಅಂದುಬಿಟ್ಟಿರುತ್ತೇವೆ. ನಮಗದು ಬಾಯಿ ಮಾತು. ಮಗು ಅದನ್ನು ಹಾಗೇ ನಂಬುತ್ತದೆ.

ಆ ಮನೆಯ ಸಾಲ ಬೆಳೆದ ಬಗೆ ಕೇಳಿ. ಮೊದಲನೆಯದು ತೊಗರಿಯ ಪೆಟ್ಟು. ಕಲಬುರಗಿಯ ತೊಗರಿ ಬೇಳೆಯ ರುಚಿ ನಿಮಗೆಲ್ಲ ಗೊತ್ತು, 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಆ ಬೇಳೆಯನ್ನು ಬೆಳೆಯುವ ಮನೆಗೆ ವರ್ಷದ ರೊಕ್ಕ ಬರುವುದು ಒಂದೇ ಸಲ. ಜೂನ್ ಜುಲೈನಲ್ಲಿ ಬಿತ್ತಿದರೆ ಡಿಸೆಂಬರ್ ಜನವರಿಗೆ ರಾಶಿ. ಆ ಒಂದು ಸಲವಾದರೂ ನೆಚ್ಚಿಕೊಳ್ಳುವ ಹಾಗಿದೆಯೇ? 2015ರಲ್ಲಿ ಅಂಗಡಿಯಲ್ಲಿ ಬೇಳೆ ಕಿಲೋಗೆ 200 ರೂಪಾಯಿ ದಾಟಿತು. ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. 2017ರ ಆರಂಭಕ್ಕೆ ಮಾರುಕಟ್ಟೆಯಲ್ಲಿ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಸಾರಿತು. ಆ ವರ್ಷವೇ ಈ ಮನೆಗೆ ಸಂಘದ ಮೊದಲ ಸಾಲ ಬಂದದ್ದು.

ಇಲ್ಲೊಂದು ಸರಳವಾದ ತೊಡಕಿದೆ, ಯಾರೂ ಹೇಳುವುದಿಲ್ಲ. ಹೊಲದ ಆದಾಯ ವರ್ಷಕ್ಕೊಮ್ಮೆ, ಕಂತು ವಾರಕ್ಕೊಮ್ಮೆ. ದಿನಾ ಗಲ್ಲಾ ಎಣಿಸುವ ಕಿರಾಣಿಯವನಿಗೆ, ತರಕಾರಿ ಮಾರುವವಳಿಗೆ ವಾರದ ಕಂತು ಹೊಂದೀತು. ಮಳೆ ನಂಬಿದ ಮನೆಗೆ ಹೊಂದುವುದಿಲ್ಲ. ಹಾಗಾಗಿ ಕಂತು ಕಟ್ಟಲಿಕ್ಕೆ ಇನ್ನೊಂದು ಸಾಲ ಬೇಕಾಗುತ್ತದೆ.

ಎರಡನೆಯ ಸಾಲ ಮಾತ್ರ ಬೇರೆ ತರಹದ್ದು. ಅದು ನಾದಿನಿಯ ಮದುವೆಯದು. ಗಂಡಿನ ಕಡೆಯವರು ಮೊದಲು ಮೂರು ತೊಲಿ ಅಂದವರು ನಿಶ್ಚಯದ ದಿನ ಐದು ಅಂದರು. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಅಂದರೆ ಚಹಾ ಕುಡಿಯುತ್ತ ಆಡಿದ ಆ ಒಂದು ಮಾತಿನ ಬೆಲೆ ಎರಡು ಲಕ್ಷ. ವರದಕ್ಷಿಣೆ ಕೇಳುವುದೂ ಕೊಡುವುದೂ 1961ರಿಂದ ಅಪರಾಧ. ಹೆಸರು ಬದಲಿಸಿ ಉಡುಗೊರೆ ಅಂದುಬಿಟ್ಟರೆ ಸರಿಹೋಯಿತು ಎಂದು ನಮ್ಮ ಜನ ತಿಳಿದಿದ್ದಾರೆ. ಒಂದು ಮಾತು ಕೇಳಲೇ? ಕಾಗದದಲ್ಲಿ ಈ ತಾಯಿ ಆ ಬೀಗರನ್ನು ಬಾಯಿತುಂಬ ಬೈದಿದ್ದಾರೆ, ನ್ಯಾಯವೇ. ಆದರೆ ಅದೇ ಕಾಗದದಲ್ಲಿ "ನನ್ನ ಮಗ ದೊಡ್ಡವನಾದ್ರ ನಮ್ಮದೂ ತೀರ್ತದ" ಎಂದೂ ಬರೆದಿದ್ದಾರೆ. ಮಗನಿಗೆ ಈಗ ಎಂಟು ವರ್ಷ! ಅವನ ಹೆಸರಿನಲ್ಲಿ ಆಗಲೇ ಒಬ್ಬ ಹೆಣ್ಣಿನ ತವರಿಗೆ ಸಾಲ ಬರೆದಿಟ್ಟಾಯಿತು.

ಮೂರನೆಯ ಸಾಲ ಮೊದಲೆರಡರ ಕಂತಿಗೆ. ಈಗ ಮೂರೂ ಸೇರಿ ವಾರಕ್ಕೆ 1,950 ರೂಪಾಯಿ, ತಿಂಗಳಿಗೆ ಎಂಟು ಸಾವಿರ ದಾಟುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಒಂದು ವಾರ ಕಳೆಯುತ್ತದೆ.

ತಂಗೀ, ಈಗ ನಿನಗೆ ಹೇಳುತ್ತೇನೆ. ನಾಳೆ ಮಂಗಳವಾರದಿಂದ ಬಾಗಿಲಿಗೆ ನೀನೇ ಹೋಗು. ಕಟ್ಟಲಿಕ್ಕೆ ಇದ್ದಷ್ಟು ಕಟ್ಟು, ಇಲ್ಲದಿದ್ದರೆ "ಈ ವಾರ ಇಲ್ರಿ" ಎಂದು ನಿನ್ನ ಬಾಯಿಂದಲೇ ಹೇಳು. ಹೆದರಿಕೆಯಾಗುತ್ತದೆ, ನಿಜ. ಅದಕ್ಕೇ ಕೆಲವು ನಿಯಮ ತಿಳಿದುಕೊಂಡು ಹೋಗು. ಇಂಥ ಸಾಲದ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಹೊರಡಿಸಿದೆ. ವಸೂಲಿಯವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ಕರೆ ಮಾಡುವಂತಿಲ್ಲ. ಕಂತು ಕೊಡುವ ಜಾಗವನ್ನು ಇಬ್ಬರೂ ಸೇರಿ ಗೊತ್ತುಮಾಡಬೇಕು. ಅಲ್ಲಿಗೆ ನೀನು ಸತತ ಎರಡು ಸಲ ಅಥವಾ ಹೆಚ್ಚು ತಪ್ಪಿಸಿದರೆ ಮಾತ್ರ ಮನೆಗೆ ಬರಬಹುದು. ಅಂದರೆ ಅಡಗಿ ಕೂರುವುದರಿಂದಲೇ ಅವರಿಗೆ ಬಾಗಿಲು ತೆರೆದಂತಾಗುತ್ತದೆ. ಬೈಯುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು, ಸಾಲಗಾರರ ಹೆಸರು ಸಾರುವುದು ಯಾವುದಕ್ಕೂ ಅವಕಾಶವಿಲ್ಲ. ಇನ್ನೂ ಒಂದಿದೆ: ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರದಂತೆ ನೋಡಿಕೊಂಡೇ ಸಾಲ ಕೊಡಬೇಕು. ಎಂಟು ಸಾವಿರ ಕಂತು ಹೊರಿಸಬೇಕಾದರೆ ಹದಿನಾರು ಸಾವಿರಕ್ಕಿಂತ ಹೆಚ್ಚು ಆದಾಯ ಇರಬೇಕು. ನಿನ್ನ ಮನೆಗೆ ಮೂರನೆಯ ಸಾಲ ಕೊಟ್ಟವರು ಆದಾಯ ಎಷ್ಟೆಂದು ಬರೆದುಕೊಂಡಿದ್ದಾರೆ, ಕೇಳು. ಆ ಕಾಗದದ ಪ್ರತಿ ಕೇಳಿ ಇಸಿದುಕೋ.

ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವವರ ಕಿರುಕುಳ ತಡೆಯಲಿಕ್ಕೆ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಎಲ್ಲ ಸಾಲ ಮನ್ನಾ ಆಯಿತು ಎಂದು ಆಗ ಊರೂರಲ್ಲಿ ಸುದ್ದಿ ಹಬ್ಬಿತ್ತು, ಅದನ್ನು ನಂಬಬೇಡ. ನೋಂದಾಯಿತ ಕಂಪನಿಯಿಂದ ತಂದ ಸಾಲ ತೀರಿಸಲೇಬೇಕು. ತೀರಿಸುವ ರೀತಿ ಮಾತ್ರ ಮನುಷ್ಯರ ರೀತಿ ಇರಬೇಕು. ನಾಲ್ಕನೆಯ ಸಾಲ ಮಾತ್ರ ಬೇಡ. ಯಾರು ಎಷ್ಟೇ ಸುಲಭವಾಗಿ ಕೊಟ್ಟರೂ ಬೇಡ.

ಮಗಳಿಗೆ ಏನು ಹೇಳುವುದು? ಇದ್ದದ್ದನ್ನು ಹೇಳು. ರಾತ್ರಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂಡಿಸಿಕೊಂಡು, "ನಮಗ ಸಾಲ ಅದ. ಇಷ್ಟು ಅದ. ಅದು ನಿನ್ನಿಂದ ಆಗಿಲ್ಲ. ತೀರಿಸೋದು ನಮ್ಮ ಕೆಲಸ, ನಿಂದಲ್ಲ. ನೀ ಇನ್ನ ಬಾಗಿಲಿಗೆ ಹೋಗೂದು ಬ್ಯಾಡ. ಸುಳ್ಳು ಹೇಳ್ಸಿದ್ದು ನಂದು ತಪ್ಪು" ಅನ್ನು. ಇಷ್ಟೇ ಸಾಕು. ಬಡ್ಡಿ, ಬೀಗರು, ಕಾಕಾನ ಜಗಳ ಇವನ್ನೆಲ್ಲ ಅವಳ ತಲೆಗೆ ತುಂಬಬೇಡ. ಮರುದಿನ ಒಂದು ಪೆನ್ಸಿಲ್ ತಂದುಕೊಡು. ಅವಳು ಬೇಡ ಅಂದರೂ ಕೊಡು. ಇನ್ನೊಂದು ತಿಂಗಳಲ್ಲಿ ಅವಳು ಏನಾದರೂ ಹಟ ಮಾಡಿ ಕೇಳಿದರೆ, ಬೈಯುವ ಮೊದಲು ಒಳಗೊಳಗೇ ಸಂತೋಷಪಡು. ಒಂದೆರಡು ತಿಂಗಳಾದರೂ ನೋವು ನಿಲ್ಲದಿದ್ದರೆ ಜಿಲ್ಲಾಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರಿಗೆ ಸಾಲದ ಸಂಗತಿಯನ್ನೂ ಸೇರಿಸಿ ಹೇಳು, ಮುಚ್ಚಿಡಬೇಡ.

ಆಳಂದದ ಕಾಗದ ಹುಡುಗನದು. ಒಂಬತ್ತು ವರ್ಷ. ಅಪ್ಪನ ಕಿಸೆಯಿಂದ ಹತ್ತು, ಇಪ್ಪತ್ತು ತೆಗೆಯುತ್ತಾನೆ. ಹೊಡೆದು ನೋಡಿದ್ದಾಯಿತು, ದೇವರ ಮುಂದೆ ಆಣೆ ಮಾಡಿಸಿದ್ದಾಯಿತು.

ಈ ಮನೆಗೆ ಸಾಲವಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷ. ಅವರ ಬೋರಮಾಳ ಮತ್ತು ಪಾಟ್ಲಿ ಯಾರ ಪೆಟ್ಟಿಗೆಯಲ್ಲಿವೆ ಎಂಬುದರ ಮೇಲೆ ಅಣ್ಣ ತಮ್ಮಂದಿರಿಗೆ ಮಾತು ಬಿಟ್ಟು, ಅಂಗಳದ ನಡುವೆ ಗೋಡೆ ಎದ್ದಿದೆ. ಹುಡುಗ ಮಾತ್ರ ಹುಟ್ಟಿದಾಗಿನಿಂದ ದೊಡ್ಡವ್ವನ ಕೈಯಲ್ಲಿ ಉಂಡು ಬೆಳೆದವನು, ಗೋಡೆ ಜಿಗಿದು ಹೋಗುತ್ತಿದ್ದ. ಬೇಡ ಅಂದರೂ ಕೇಳದಿದ್ದಾಗ ಅಪ್ಪ ಒಂದು ಉಪಾಯ ಹುಡುಕಿದರು. "ಹೋಗು, ಆದ್ರ ಅಲ್ಲಿ ಏನೇನು ಹೊಸಾದು ತಂದಾರ ನೋಡ್ಕೊಂಡು ಬಾ." ಸುದ್ದಿ ತಂದರೆ ಹತ್ತು ರೂಪಾಯಿ. ಹೊಸ ಫ್ರಿಜ್ ಬಂತು, ಹತ್ತು ರೂಪಾಯಿ. ದೊಡ್ಡವ್ವನ ಕೊರಳಲ್ಲಿ ಏನೋ ಹೊಳೆಯಿತು, ಹತ್ತು ರೂಪಾಯಿ. ದಿನಾ ಹೊಸ ಸುದ್ದಿ ಎಲ್ಲಿಂದ ಬರಬೇಕು? ಮೊದಲು ಹುಡುಗ ಸುದ್ದಿ ಹುಟ್ಟಿಸಿದ. ಅದು ಸುಳ್ಳೆಂದು ಗೊತ್ತಾಗಿ ಏಟು ಬಿತ್ತು. ಆಮೇಲೆ ಹತ್ತು ರೂಪಾಯಿಯನ್ನು ತಾನೇ ತೆಗೆದುಕೊಳ್ಳತೊಡಗಿದ. ನೀವು ಇದನ್ನು ಕಳ್ಳತನ ಅನ್ನುತ್ತೀರಿ. ಪ್ರೀತಿಯಿಂದ ಹೋಗುತ್ತಿದ್ದ ಮನೆಗೆ ಕೂಲಿ ಕೊಟ್ಟು ಕಳಿಸಿದವರು ಯಾರು, ಅದನ್ನೂ ಹೇಳಿ.

ಎಳ್ಳ ಅಮಾವಾಸ್ಯೆಯ ದಿನ ನಡೆದದ್ದನ್ನು ಈ ತಾಯಿ ಬರೆದಿದ್ದಾರೆ, ಓದಿ ಸಂಕಟವಾಯಿತು. ಒಂದೇ ಹೊಲ, ನಡುವೆ ಹೊಸ ಬದು. ಆ ಕಡೆ ಒಂದು ಬುತ್ತಿ, ಈ ಕಡೆ ಒಂದು ಬುತ್ತಿ. ಅದೇ ಸಜ್ಜೆರೊಟ್ಟಿ, ಅದೇ ಭಜ್ಜಿ. ಎರಡು ಕಡೆಯವರೂ ಬೇರೆ ಬೇರೆ ಚರಗ ಚೆಲ್ಲಿದರು. ಹುಡುಗ ಊಟ ಬಿಟ್ಟು ಬದುವಿನ ಮೇಲೆ ಕೂತಿದ್ದನಂತೆ, ಎರಡೂ ಕಡೆಯವರಿಗೆ ಬೆನ್ನು ಹಾಕಿ. ಭೂಮಿತಾಯಿಗೆ ಉಣ್ಣಲಿಕ್ಕೆ ಚೆಲ್ಲುವ ಹಬ್ಬದಲ್ಲಿ ಒಡಹುಟ್ಟಿದವರ ಎಲೆಗೆ ಒಂದು ಕಡುಬು ಇಡಲು ಕೈ ಬರಲಿಲ್ಲ ನೋಡಿ.

ಹುಡುಗನಿಗೆ ಔಷಧಿ ಬೇಕಿಲ್ಲ, ಆಣೆಯೂ ಬೇಕಿಲ್ಲ. ಸುದ್ದಿಯ ರೊಕ್ಕ ಇವತ್ತೇ ನಿಲ್ಲಿಸಿ. ಅವನಿಗೆ ವಾರಕ್ಕಿಷ್ಟು ಎಂದು ಕೈಖರ್ಚು ಗೊತ್ತುಮಾಡಿ, ಜಾಣತನಕ್ಕೂ ತಂಟೆಗೂ ಅದು ಹೆಚ್ಚು ಕಡಿಮೆ ಆಗಬಾರದು. ದೊಡ್ಡವ್ವನ ಮನೆಗೆ ಹೋದರೆ ಹೋಗಲಿ, ಬಂದ ಮೇಲೆ "ಏನು ಉಂಡಿ?" ಎಂಬುದರ ಮುಂದೆ ಒಂದು ಮಾತೂ ಕೇಳಬೇಡಿ. ಒಡವೆಯ ತಂಟೆ ಹಿರಿಯರ ಮುಂದೆ ಇಟ್ಟು ಮುಗಿಸಿ. ಅಂದಹಾಗೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವಂತ ಒಡವೆ ಗಂಡನಿಗೂ ಎಲ್ಲ ಮಕ್ಕಳಿಗೂ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲ. ಲಾತೂರಿಗೆ ಕೊಟ್ಟ ನಾದಿನಿಯೊಬ್ಬಳು ಇದ್ದಾಳೆ ಎಂದು ಬರೆದಿದ್ದೀರಲ್ಲ, ಅವಳನ್ನು ಅಣ್ಣ ತಮ್ಮ ಇಬ್ಬರೂ ಮರೆತಂತಿದೆ. ನೆಗೆಣ್ಣಿಯರಿಬ್ಬರೂ ಸೇರಿ ನೆನಪು ಮಾಡಿಕೊಡಿ. ಬಹುಶಃ ಅಷ್ಟಕ್ಕೇ ಜಗಳ ತಣ್ಣಗಾದೀತು!

ಅಫಜಲಪುರದ ತಾಯಿಗೆ ನನ್ನ ಉತ್ತರ ಚಿಕ್ಕದು. 2025ರ ಸೆಪ್ಟೆಂಬರಿನ ನೆರೆಯಲ್ಲಿ ಭೀಮಾ ನದಿ ನಿಮ್ಮ ತೊಗರಿಯನ್ನೂ ಕಬ್ಬನ್ನೂ ತೆಗೆದುಕೊಂಡು ಹೋಯಿತು. 2020ರ ಅಕ್ಟೋಬರಿನ ನೆರೆಯ ಪೆಟ್ಟೇ ಇನ್ನೂ ಆರಿರಲಿಲ್ಲ. ಈಗ ಒಂಬತ್ತನೇತ್ತ ಓದುವ ಮಗಳಿಗೆ ಸಂಬಂಧ ಬಂದಿದೆ. "ಈಗಾದ್ರ ಎರಡು ತೊಲಿ ಸಾಕು ಅಂತಾರ. ಪಿಯುಸಿ ಓದಿಸಿದ್ರ ನೌಕರಿ ಹುಡುಗನ್ನ ನೋಡಬೇಕು, ಹತ್ತು ತೊಲಿ ಎಲ್ಲಿಂದ ತರೂದು?" ಎಂದು ಕೇಳಿದ್ದೀರಿ. ಈ ಲೆಕ್ಕ ನಿಮ್ಮೊಬ್ಬರದಲ್ಲ, ಆ ಕಡೆಯ ಎಷ್ಟೋ ಮನೆಗಳಲ್ಲಿ ಹುಡುಗಿಯರ ಶಾಲೆ ನಿಲ್ಲುವುದು ಇದೇ ಲೆಕ್ಕದಿಂದ. ಹುಣಸೆಹಣ್ಣು ಅಗ್ಗವಿದ್ದಾಗ ವರ್ಷಕ್ಕಾಗುವಷ್ಟು ಕೊಂಡು ಕೊಡಕ್ಕೆ ತುಂಬುತ್ತೇವೆ. ಮದುವೆಯನ್ನೂ ಹಾಗೆ ಅಗ್ಗದ ವರ್ಷ ನೋಡಿ ಮುಗಿಸುವುದೇ? ತೊಲಿಯ ಚೌಕಾಶಿ ನಡೆಯುವಾಗ ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕೂತ ಹುಡುಗಿಗೆ ಎಲ್ಲ ಕೇಳಿಸುತ್ತಿರುತ್ತದೆ. ಓದಿದಷ್ಟೂ ತಾನು ಮನೆಗೆ ಭಾರ ಎಂದು ಅವಳು ಕಲಿತುಬಿಟ್ಟರೆ, ಆಮೇಲೆ ಯಾವ ಟೀಚರೂ ಅದನ್ನು ಬಿಡಿಸಲಾರರು.

ಬೇಡ ಅನ್ನಿ. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ, ಮಾಡಿಸಿದವರಿಗೂ ನಡೆಸಿಕೊಟ್ಟವರಿಗೂ ಶಿಕ್ಷೆ. ಕರ್ನಾಟಕದ ತಿದ್ದುಪಡಿಯಿಂದಾಗಿ ನಮ್ಮಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಮನೆಯವರು ನಿಮ್ಮ ಮಾತು ಕೇಳದಿದ್ದರೆ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಗಂಡನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಲು ಆಗದಿದ್ದರೆ ಅವರದೇ ಭಾಷೆಯಲ್ಲಿ ಹೇಳಿ. ಮಗಳು ಹುಟ್ಟಿದಾಗ ರೇಷನ್ ಕಾರ್ಡು ತೋರಿಸಿ ಭಾಗ್ಯಲಕ್ಷ್ಮಿಗೆ ಹೆಸರು ಬರೆಸಿದ್ದರೆ ಬಾಂಡ್ ಬಂದಿರಬೇಕು. ಹದಿನೆಂಟು ತುಂಬುವವರೆಗೆ ಮದುವೆ ಆಗಿರಬಾರದು, ಎಂಟನೇತ್ತದವರೆಗಾದರೂ ಓದಿರಬೇಕು ಎಂಬುದು ಅದರ ಷರತ್ತು. ಈಗ ಮದುವೆ ಮಾಡಿದರೆ ಆ ಹಣ ಕೈಬಿಡುತ್ತದೆ. ಪೆಟ್ಟಿಗೆಯ ತಳದಲ್ಲಿ ಹುಡುಕಿ ನೋಡಿ. ನೆರೆಯಲ್ಲಿ ಕಾಗದಪತ್ರ ತೊಯ್ದು ಹೋಗಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಅಫಜಲಪುರದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ, ಮಗಳ ಜನನ ಪ್ರಮಾಣಪತ್ರ ಜೊತೆಗಿರಲಿ. ಮಗಳನ್ನೂ ಕರೆದುಕೊಂಡು ಹೋಗಿ, ಅರ್ಜಿಯನ್ನು ಅವಳೇ ಬರೆಯಲಿ.